ಎಂಟು ರೂಪಾಯಿ ತೊಂಬತ್ತು ಪೈಸೆಯ ಚಾಕೊಲೇಟು

2025ರ ಸೆಪ್ಟೆಂಬರ್ 22ರಂದು ಚಾಕೊಲೇಟು ಮತ್ತು ಬಿಸ್ಕತ್ತುಗಳ ಮೇಲಿನ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿಯಿತು. 10 ರೂಪಾಯಿಯ ಪೊಟ್ಟಣದಿಂದ ಹಳೆಯ ತೆರಿಗೆ ಕಳೆದರೆ 8 ರೂಪಾಯಿ 47 ಪೈಸೆ ಉಳಿಯುತ್ತದೆ. ಅದಕ್ಕೆ ಹೊಸ ತೆರಿಗೆ ಸೇರಿಸಿದರೆ 8 ರೂಪಾಯಿ 90 ಪೈಸೆ. ಇದೇ ಲೆಕ್ಕದಲ್ಲಿ 5 ರೂಪಾಯಿಯದು 4.45ಕ್ಕೆ, 20 ರೂಪಾಯಿಯದು 17.80ಕ್ಕೆ ಬರುತ್ತದೆ.

ಲೆಕ್ಕ ಸರಿ. ಆದರೆ ನವಿ ಮುಂಬಯಿಯ ರಬಾಳೆ ಸ್ಟೇಷನ್ನಿನ ಹೊರಗೆ ಕಟಿಂಗ್ ಚಹಾ ಕುಡಿದು ಎಂಐಡಿಸಿ ಕೈಗಾರಿಕಾ ಪ್ರದೇಶದ ಪಾಳಿಗೆ ಓಡುವವನಿಗೆ ಒಂದು ರೂಪಾಯಿ ಹತ್ತು ಪೈಸೆ ಚಿಲ್ಲರೆ ಕೊಡುವುದು ಹೇಗೆ? 25 ಪೈಸೆ ಮತ್ತು ಅದಕ್ಕಿಂತ ಚಿಕ್ಕ ನಾಣ್ಯಗಳ ಚಲಾವಣೆ 2011ರ ಜೂನ್ 30ಕ್ಕೇ ಮುಗಿದಿದೆ. 50 ಪೈಸೆ ಕಾನೂನಿನಲ್ಲಿ ಜೀವಂತವಾಗಿದ್ದರೂ ಗಲ್ಲಾಪೆಟ್ಟಿಗೆಯಲ್ಲಿ ಕಾಣುವುದಿಲ್ಲ. ಮೊಬೈಲಿನಲ್ಲಿ ಸ್ಕ್ಯಾನ್ ಮಾಡುವವರು 8.90 ಕಟ್ಟಬಹುದು, ನೋಟು ಹಿಡಿದವರು ಕಟ್ಟಲಾರರು. ಸ್ವಲ್ಪ ಕಾಲ ಈ ಮುರುಕು ಬೆಲೆಗಳು ಪೊಟ್ಟಣದ ಮೇಲೆ ಅಚ್ಚಾದವು. ಆಮೇಲೆ ಕಂಪನಿಗಳು 5 ಮತ್ತು 10ರ ಹಳೆಯ ಅಂಕಿಗಳಿಗೇ ಮರಳಿ, ಬೆಲೆ ಇಳಿಸುವ ಬದಲು ತೂಕ ಏರಿಸುವ ದಾರಿ ಹಿಡಿದವು. ತೆರಿಗೆಯ ಲಾಭ ಪೂರ್ತಿ ಗಿರಾಕಿಗೆ ಸೇರಬೇಕಾದರೆ ತೂಕ ಶೇ 12.4ರಷ್ಟು ಹೆಚ್ಚಬೇಕು. 50 ಗ್ರಾಂ ಇದ್ದದ್ದು 56 ದಾಟಬೇಕು.

ಈ ಪೊಟ್ಟಣಗಳಲ್ಲಿ ಹಲವು ಬ್ರಿಟನ್ ಮೂಲದವು. ಬ್ರಿಟನ್ನಿನ ಚಾಕೊಲೇಟ್ ಬಿಸ್ಕತ್ತಿಗೆ ಇಲ್ಲಿ ಇಷ್ಟು ಆಯುಷ್ಯ ಹೇಗೆ ಬಂತು ಎಂದರೆ ಜನ ರುಚಿಯ ಮಾತಾಡುತ್ತಾರೆ, ಬಾಲ್ಯದ ಮಾತಾಡುತ್ತಾರೆ, ಇನ್ನು ಕೆಲವರು ವಿಲಾಯಿತಿ ವ್ಯಾಮೋಹ ಎನ್ನುತ್ತಾರೆ. ಥಾಣೆ–ಬೇಲಾಪುರ ರಸ್ತೆಯ ಈ ಪಟ್ಟಿಯಲ್ಲಿ ನಿಂತು ನೋಡಿದರೆ ನನಗೆ ಕಾಣುವ ಕಾರಣ ನಾಣ್ಯ. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಬಂದು ಬೆಳಗ್ಗೆ ನಾಕಾದಲ್ಲಿ ನಿಂತು ಕಟ್ಟಡದ ಕೆಲಸ ಹಿಡಿಯುವವರೂ ಐರೋಳಿಯ ಗಾಜಿನ ಕಚೇರಿಗಳ ಹುಡುಗರೂ ಅದೇ ಅಂಗಡಿಯ ಮುಂದೆ ತೂಗುವ ಅದೇ ಸರದಿಂದ ಪೊಟ್ಟಣ ಹರಿದುಕೊಳ್ಳುತ್ತಾರೆ.

ಆ ಸರದಲ್ಲಿರುವ ಹೆಸರುಗಳ ಜಾತಕ ಸ್ವಾರಸ್ಯವಾಗಿದೆ. ಬೋರ್ಬನ್ ಹುಟ್ಟಿದ್ದು 1910ರಲ್ಲಿ, ಲಂಡನ್ನಿನ ಬರ್ಮಂಡ್ಸಿಯ ಪೀಕ್ ಫ್ರೀನ್ ಕಾರ್ಖಾನೆಯಲ್ಲಿ. ಕಿಟ್‌ಕ್ಯಾಟ್ 1935ರಲ್ಲಿ ಯಾರ್ಕಿನ ರೌನ್‌ಟ್ರೀ ಕಂಪನಿಯಿಂದ, ಬೇರೆ ಹೆಸರಿನಲ್ಲಿ ಬಂತು. ಡೇರಿ ಮಿಲ್ಕ್ 1905ರದು, ಕ್ಯಾಡ್ಬರಿಯ ಬರ್ಮಿಂಗ್‌ಹ್ಯಾಮಿನದು. ಮ್ಯಾಕ್‌ವಿಟೀಸ್ ಡೈಜೆಸ್ಟಿವ್ 1892ರದು, ಅದಕ್ಕೆ ಚಾಕೊಲೇಟ್ ಲೇಪ ಬಿದ್ದದ್ದು 1925ರಲ್ಲಿ. ನಾಲ್ಕೂ ಅಪ್ಪಟ ಬ್ರಿಟಿಷ್ ಹುಟ್ಟು. ಮಾಲೀಕತ್ವ ನೋಡಿದರೆ ಇವತ್ತು ಒಂದೂ ಬ್ರಿಟಿಷ್ ಅಲ್ಲ. ರೌನ್‌ಟ್ರೀಯನ್ನು 1988ರಲ್ಲಿ ಸ್ವಿಸ್ ನೆಸ್ಲೆ ಸುಮಾರು 250 ಕೋಟಿ ಪೌಂಡಿಗೆ ಕೊಂಡಿತು. ಕ್ಯಾಡ್ಬರಿಯನ್ನು 2010ರಲ್ಲಿ ಅಮೆರಿಕದ ಕ್ರಾಫ್ಟ್ ಸುಮಾರು 1,150 ಕೋಟಿ ಪೌಂಡಿಗೆ ಕೊಂಡಿತು. ಮ್ಯಾಕ್‌ವಿಟೀಸ್‌ನ ಒಡೆಯ ಯುನೈಟೆಡ್ ಬಿಸ್ಕಿಟ್ಸ್ 2014ರಲ್ಲಿ ಸುಮಾರು 200 ಕೋಟಿ ಪೌಂಡಿಗೆ ಟರ್ಕಿಯ ಯಿಲ್ದಿಜ್ ಪಾಲಾಯಿತು. ಇನ್ನು ನಮ್ಮ ಅಂಗಡಿಗಳ ಬೋರ್ಬನ್: ಅದನ್ನು ಬ್ರಿಟಾನಿಯಾ ಇಲ್ಲಿ ಮಾರಲು ತೊಡಗಿದ್ದು 1955ರಲ್ಲಿ. 1892ರಲ್ಲಿ ಕೋಲ್ಕತ್ತದಲ್ಲಿ 295 ರೂಪಾಯಿ ಬಂಡವಾಳದಿಂದ ಶುರುವಾಗಿ, 1924ರ ಹೊತ್ತಿಗೆ ಪೀಕ್ ಫ್ರೀನ್ ಕೈಗೆ ಹೋಗಿದ್ದ ಬ್ರಿಟಾನಿಯಾ ಈಗ ವಾಡಿಯಾ ಸಮೂಹದ್ದು, ಅದರ ಆಡಳಿತ ಕಚೇರಿ ಬೆಂಗಳೂರಿನಲ್ಲಿ.

ಸರಕು ಕೂಡ ಹಡಗಿನಲ್ಲಿ ಬಂದದ್ದಲ್ಲ. ರಬಾಳೆಯಿಂದ ಟ್ರಾನ್ಸ್‌ಹಾರ್ಬರ್ ಗಾಡಿ ಹತ್ತಿದರೆ ಮೂರನೆಯ ನಿಲ್ದಾಣ ಥಾಣೆ. ಅಲ್ಲಿ ರಿಕ್ಷಾದವನಿಗೆ ಕ್ಯಾಡ್ಬರಿ ಜಂಕ್ಷನ್ ಎಂದರೆ ಸಾಕು. 1960ರ ದಶಕದಲ್ಲಿ ಎದ್ದ ಕಾರ್ಖಾನೆ ಆ ಚೌಕಕ್ಕೆ ಹೆಸರು ಕೊಟ್ಟಿದೆ. ಕಂಪನಿ 2014ರಲ್ಲಿ ಮೊಂಡೆಲೀಜ್ ಇಂಡಿಯಾ ಆಯಿತು, ಚೌಕ ಮಾತ್ರ ಹೆಸರು ಬದಲಿಸಲಿಲ್ಲ. ಕಿಟ್‌ಕ್ಯಾಟ್ ಗೋವಾದ ಪೋಂಡಾದಲ್ಲೂ ತಯಾರಾಗುತ್ತದೆ. 2024ರ ಮಾರ್ಚ್‌ಗೆ ಮುಗಿದ 15 ತಿಂಗಳ ಲೆಕ್ಕವರ್ಷದಲ್ಲಿ ನೆಸ್ಲೆ ಇಂಡಿಯಾ ಮಾರಿದ ಕಿಟ್‌ಕ್ಯಾಟ್ ಬೆರಳುಗಳು 420 ಕೋಟಿ. 140 ಕೋಟಿ ಜನರಿಗೆ ಹಂಚಿದರೆ ತಲೆಗೆ ಮೂರು ಬೆರಳು. ನೆಸ್ಲೆಗೆ ಭಾರತ ಜಗತ್ತಿನ ಎರಡನೆಯ ದೊಡ್ಡ ಕಿಟ್‌ಕ್ಯಾಟ್ ಮಾರುಕಟ್ಟೆ. ತಲೆಗೆ ಮೂರೇ ಮೂರು ಅಂದರೆ, ವ್ಯಾಪಾರಿಯ ಕಣ್ಣಿಗೆ ಇನ್ನೂ ಖಾಲಿ ಬಿದ್ದಿರುವ ಗದ್ದೆ.

ಈಗ ಪೊಟ್ಟಣದ ಒಳಗೆ ಇಳಿಯೋಣ. 10 ರೂಪಾಯಿಯ ಡೇರಿ ಮಿಲ್ಕ್ ಬಹುಕಾಲ 13.2 ಗ್ರಾಂ ಇತ್ತು. ಕಿಲೋ ಲೆಕ್ಕದಲ್ಲಿ ಸುಮಾರು 758 ರೂಪಾಯಿ. ಕಿಲೋಗೆ ಇಷ್ಟು ಎಂದು ಫಲಕ ಹಾಕಿದ್ದರೆ ನಾಕಾದಲ್ಲಿ ಯಾರೂ ಹತ್ತಿರ ಸುಳಿಯುತ್ತಿರಲಿಲ್ಲ. ಹತ್ತರ ನಾಣ್ಯ ಎಂದಾಗ ಯಾರೂ ಕಿಲೋ ಕೇಳುವುದಿಲ್ಲ. ಗ್ರಾಮಿಗೆ ಎಷ್ಟು ಎಂದು ಪೊಟ್ಟಣದ ಮೇಲೆ ಮುದ್ರಿಸುವ ನಿಯಮ ಈಗ ಇದೆ, ಓದಲು ಭೂತಗನ್ನಡಿ ಬೇಕು.

ಹಾಲಿನ ಚಾಕೊಲೇಟಿನಲ್ಲಿ ಕನಿಷ್ಠ ಶೇ 20 ಕೊಕ್ಕೊ ಅಂಶ ಇರಬೇಕೆಂಬುದು ಬ್ರಿಟನ್ನಿನ ಕಾನೂನು. ಅದನ್ನೇ ಅಳತೆಗೋಲು ಮಾಡಿಕೊಂಡರೆ 13.2 ಗ್ರಾಮಿಗೆ 2.64 ಗ್ರಾಂ. ಒಣಗಿದ ಒಂದು ಕೊಕ್ಕೊ ಬೀಜ ಸುಮಾರು ಒಂದು ಗ್ರಾಂ ತೂಗುತ್ತದೆ, ಹಾಗಾಗಿ ಎರಡೂವರೆ ಬೀಜ ಅನ್ನಿ. ಕೆಲವು ವರ್ಷಗಳ ಹಿಂದೆ ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಟನ್ನಿಗೆ 2,500 ಡಾಲರ್ ಇದ್ದಾಗ ಇಷ್ಟು ಕೊಕ್ಕೊಗೆ ಬೀಳುತ್ತಿದ್ದುದು ಸುಮಾರು 55 ಪೈಸೆ. ಪಶ್ಚಿಮ ಆಫ್ರಿಕದಲ್ಲಿ ಮಳೆ ಏರುಪೇರಾಗಿ, ಗಿಡಗಳಿಗೆ ರೋಗ ಬಿದ್ದು, 2024ರ ಡಿಸೆಂಬರಿನಲ್ಲಿ ಟನ್ನಿನ ಬೆಲೆ 12,000 ಡಾಲರ್ ದಾಟಿತು. ಅದೇ ಎರಡೂವರೆ ಬೀಜಕ್ಕೆ ಎರಡೂವರೆ ರೂಪಾಯಿಗೂ ಮೇಲೆ. ಹತ್ತರ ಅಂಕಿ ಕದಲುವಂತಿಲ್ಲ. ಹಾಗಿದ್ದಾಗ ಕದಲುವುದು ಗ್ರಾಂ. ಬೋರ್ಬನ್ ಈ ಬಿರುಗಾಳಿಯಲ್ಲಿ ಹೆಚ್ಚು ಅಲ್ಲಾಡದ್ದಕ್ಕೂ ಕೊಕ್ಕೊವೇ ಕಾರಣ: ಅದರಲ್ಲಿ ಇರುವುದು ಬಹುಪಾಲು ಹಿಟ್ಟು, ಸಕ್ಕರೆ, ಎಣ್ಣೆ. ಕೊಕ್ಕೊ ಪುಡಿ ಬಣ್ಣಕ್ಕೂ ವಾಸನೆಗೂ ಬೇಕಾದಷ್ಟೇ.

ಈ ಬೀಜದ ಕಥೆಗೆ ಕನ್ನಡದ ಒಂದು ಅಧ್ಯಾಯವಿದೆ, ನವಿ ಮುಂಬಯಿಯ ಉಡುಪಿ ಹೋಟೆಲುಗಳವರ ಊರಿನ ಕಡೆಯದು. ದಕ್ಷಿಣ ಕನ್ನಡ ಮತ್ತು ಕೇರಳದ ಅಡಕೆ, ತೆಂಗಿನ ತೋಟಗಳಿಗೆ ಕೊಕ್ಕೊ ಗಿಡ ನಡೆದು ಬಂದದ್ದರಲ್ಲಿ ಕ್ಯಾಡ್ಬರಿಯ ಪ್ರೋತ್ಸಾಹ ದೊಡ್ಡದು. 1980ರ ಆಸುಪಾಸಿನಲ್ಲಿ ಬೆಲೆ ಕುಸಿದು, ಕೊಳ್ಳುವವರು ಹಿಂದೆ ಸರಿದಾಗ ಬೆಳೆಗಾರ ಕಂಗಾಲಾದ. 1973ರಲ್ಲಿ ಅಡಕೆಗಾಗಿ ಹುಟ್ಟಿದ್ದ ಸಹಕಾರಿ ಸಂಸ್ಥೆ ಕ್ಯಾಂಪ್ಕೊ, ವಾರಣಾಸಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಕೊಕ್ಕೊ ಖರೀದಿಗೂ ಇಳಿಯಿತು. ಕೊಂಡದ್ದನ್ನು ಮಾರಲು ಬೇರೆಯವರ ಬಾಗಿಲು ಕಾಯುವುದು ಬೇಡವೆಂದು 1986ರ ಸೆಪ್ಟೆಂಬರ್ 1ರಂದು ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ಉದ್ಘಾಟಿಸಿದವರು ರಾಷ್ಟ್ರಪತಿ ಜೈಲ್ ಸಿಂಗ್. ಒಂದು ಕಾಯಿಯಲ್ಲಿ 30ರಿಂದ 40 ಬೀಜ, ಒಂದು ಕಿಲೋ ಒಣ ಬೀಜಕ್ಕೆ ಮೂವತ್ತರ ಹತ್ತಿರ ಕಾಯಿ ಒಡೆಯಬೇಕು. 2024ರ ಬೇಸಿಗೆಯಲ್ಲಿ ಕೇರಳದ ಒಣ ಬೀಜ ಕಿಲೋಗೆ ಸಾವಿರ ರೂಪಾಯಿ ಮುಟ್ಟಿದಾಗ, ಅಡಕೆಯ ನೆರಳಿನಲ್ಲಿ ಉಪೇಕ್ಷೆಗೆ ಬಿದ್ದಿದ್ದ ಗಿಡಗಳಿಗೂ ಗೊಬ್ಬರ ಬಿತ್ತು.

ಅತ್ತ ಬ್ರಿಟನ್ನಿನಲ್ಲೇ ಬಿಸ್ಕತ್ತಿನ ಮೇಲಿನ ಚಾಕೊಲೇಟ್ ತೆಳುವಾಯಿತು. 1932ರಿಂದ ಬರುತ್ತಿರುವ ಪೆಂಗ್ವಿನ್ ಮತ್ತು ಅದರ ಜೊತೆಗಾರ ಕ್ಲಬ್ ಬಿಸ್ಕತ್ತುಗಳು 2025ರಲ್ಲಿ ಕೊಕ್ಕೊ ಕಡಿಮೆ ಮಾಡಿದ್ದರಿಂದ ಕಾನೂನಿನ ಪ್ರಕಾರ ಚಾಕೊಲೇಟ್ ಬಿಸ್ಕತ್ತು ಎನ್ನುವ ಹಕ್ಕನ್ನೇ ಕಳೆದುಕೊಂಡವು. ಈಗ ಅವು ಬರೀ ‘ಚಾಕೊಲೇಟ್ ಸ್ವಾದ’ದವು. ಆ ದೇಶದ ತೆರಿಗೆಯೂ ವಿಚಿತ್ರ. ಸಾದಾ ಬಿಸ್ಕತ್ತಿಗೆ ಸೊನ್ನೆ, ಕೇಕಿಗೆ ಸೊನ್ನೆ, ಚಾಕೊಲೇಟ್ ಹೊದ್ದ ಬಿಸ್ಕತ್ತಿಗೆ ಶೇ 20. ಮ್ಯಾಕ್‌ವಿಟೀಸ್‌ನ ಜಾಫಾ ಕೇಕ್ ಬಿಸ್ಕತ್ತೋ ಕೇಕೋ ಎಂಬ ವ್ಯಾಜ್ಯ 1991ರಲ್ಲಿ ತೀರ್ಮಾನವಾದಾಗ ಒಂದು ವಾದ ಹೀಗಿತ್ತು: ಹಳಸಿದರೆ ಕೇಕ್ ಗಟ್ಟಿಯಾಗುತ್ತದೆ, ಬಿಸ್ಕತ್ತು ಮೆತ್ತಗಾಗುತ್ತದೆ. ಅದು ಕೇಕೇ ಎಂದು ಮ್ಯಾಕ್‌ವಿಟೀಸ್ ಗೆದ್ದಿತು. ರಬಾಳೆಯ ಜುಲೈ ತಿಂಗಳಲ್ಲಿ ಈ ಪರೀಕ್ಷೆಗೆ ದಿನಗಟ್ಟಲೆ ಕಾಯಬೇಕಿಲ್ಲ. ಒಡೆದಿಟ್ಟ ಪೊಟ್ಟಣ ಸಂಜೆಯೊಳಗೆ ತೀರ್ಪು ಕೊಡುತ್ತದೆ.

ನಿಜವಾಗಿ ಬ್ರಿಟನ್ನಿನಿಂದ ಬರುವ ಸರಕು ಮಾಲ್‌ಗಳ ಕಪಾಟಿನದು. ಅದರ ಬೆಲೆಯ ಗುಟ್ಟು ಬಂದರಿನ ಕಾಗದದಲ್ಲಿದೆ. ನ್ಹಾವಾಶೇವಾ ಬಂದರಿನಲ್ಲಿ 100 ರೂಪಾಯಿ ಮೌಲ್ಯದ ಚಾಕೊಲೇಟ್ ಇಳಿಯಿತು ಎನ್ನಿ. ಶೇ 30 ಸುಂಕ, ಆ ಸುಂಕದ ಮೇಲೆ ಶೇ 10 ಸಮಾಜ ಕಲ್ಯಾಣ ಮೇಲ್ತೆರಿಗೆ, ಅಲ್ಲಿಗೆ 133. ಅದರ ಮೇಲೆ ಹಳೆಯ ಶೇ 18 ಜಿಎಸ್‌ಟಿ ಸೇರಿದರೆ 156.94. ಹೊಸ ಶೇ 5ರಲ್ಲಿ 139.65. 2025ರ ಜುಲೈ 24ರಂದು ಸಹಿಯಾದ ಭಾರತ–ಬ್ರಿಟನ್ ವ್ಯಾಪಾರ ಒಪ್ಪಂದದ ಸುಂಕ ಕಡಿತದಲ್ಲಿ ಚಾಕೊಲೇಟು, ಬಿಸ್ಕತ್ತು ಎರಡೂ ಸೇರಿವೆ. ಸುಂಕ ಪೂರ್ತಿ ಹೋದರೆ 105 ಆಗುತ್ತದೆ, ಅಂದರೆ 34 ರೂಪಾಯಿ 65 ಪೈಸೆ ಉಳಿತಾಯ. ಆದರೆ ಚಾಕೊಲೇಟ್ ಕರಗುವುದು 34 ಡಿಗ್ರಿ ಸುಮಾರಿಗೆ, ಮೇ ತಿಂಗಳ ನವಿ ಮುಂಬಯಿ ಅದನ್ನು ಮುಟ್ಟುತ್ತದೆ. ತಣ್ಣನೆಯ ಕಂಟೇನರು, ತಣ್ಣನೆಯ ಗೋದಾಮು, ಆಮದುದಾರನ ಪಾಲು, ಮಾಲಿನ ಬಾಡಿಗೆ, ಇವು ಯಾವ ಒಪ್ಪಂದದಲ್ಲೂ ಇಲ್ಲ. ಕಪಾಟಿನ ಡಬ್ಬಿ ಕಾಲು ಭಾಗ ಅಗ್ಗವಾದರೂ ಅದು ನೂರರ ನೋಟಿನ ಸರಕು. ಸ್ಟೇಷನ್ ಹೊರಗಿನ ಸರದಲ್ಲಿ ತೂಗಬೇಕಾದರೆ ಹತ್ತರ ನಾಣ್ಯದೊಳಗೆ ಇಳಿಯಬೇಕು.