ಪದರು ಪದರಾಗಿ ಮೂಡುವ ಬಿಲ್ಲು

ಹದಿನೈದನೆಯ ಶತಮಾನದಲ್ಲಿ ವಿಜಯನಗರದ ಎರಡನೆಯ ದೇವರಾಯ ತನ್ನ ಮಂತ್ರಿ, ದಂಡನಾಯಕರನ್ನು ಕೂಡಿಸಿಕೊಂಡು ಒಂದು ಪ್ರಶ್ನೆ ಕೇಳಿದನಂತೆ. ನಮ್ಮ ರಾಜ್ಯ ದೊಡ್ಡದು, ಬೊಕ್ಕಸ ತುಂಬಿದೆ, ಜನಬಲಕ್ಕೂ ಕೊರತೆಯಿಲ್ಲ. ಆದರೂ ಬಹಮನಿಗಳ ಎದುರು ಮತ್ತೆ ಮತ್ತೆ ಸೋಲುವುದೇಕೆ? ಸಭೆ ಕೊಟ್ಟ ಉತ್ತರದಲ್ಲಿ ಎರಡು ಕಾರಣಗಳಿದ್ದವು: ಅವರ ಕುದುರೆಗಳು ಗಟ್ಟಿ, ಅವರ ಬಿಲ್ಲಾಳುಗಳು ನುರಿತವರು. ಬಿಜಾಪುರದ ಆದಿಲ್‌ಶಾಹಿ ಆಸ್ಥಾನದಲ್ಲಿದ್ದುಕೊಂಡು ದಖ್ಖನಿನ ಇತಿಹಾಸ ಬರೆದ ಫೆರಿಷ್ತಾ ಈ ಪ್ರಸಂಗವನ್ನು ದಾಖಲಿಸಿದ್ದಾನೆ. ದೇವರಾಯ ಸುಮ್ಮನೆ ಕೂರಲಿಲ್ಲ. ಮುಸಲ್ಮಾನ ಬಿಲ್ಲಾಳುಗಳನ್ನು ಸೈನ್ಯಕ್ಕೆ ಸೇರಿಸಿಕೊಂಡ, ಅವರಿಗೆ ಜಹಗೀರು ಕೊಟ್ಟ, ಮಸೀದಿ ಕಟ್ಟಿಸಿದ, ತನ್ನ ಸೈನಿಕರಿಗೆ ಅವರಿಂದ ಬಿಲ್ವಿದ್ಯೆ ಕಲಿಸಿದ.

ಆ ಬಹಮನಿಗಳ ರಾಜಧಾನಿ ಆಗ ಬೀದರ. ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದವನು 1422ರಲ್ಲಿ ಪಟ್ಟಕ್ಕೆ ಬಂದ ಅಹ್ಮದ್ ಶಾಹ. ಇರಾಕ್, ಖುರಾಸಾನ್, ತುರ್ಕಿ ಕಡೆಯ ಬಿಲ್ಲಾಳುಗಳನ್ನು ಅವನು ಸಾವಿರಗಟ್ಟಲೆ ನೇಮಿಸಿಕೊಂಡನೆಂದೂ ಫೆರಿಷ್ತಾ ಬರೆಯುತ್ತಾನೆ. ಬೀದರ ಜಿಲ್ಲೆಯ ಮುಡಬಿ, ಬಸವಕಲ್ಯಾಣ, ಹುಮನಾಬಾದದ ಸೀಮೆ ಆ ಎರಡು ರಾಜಧಾನಿಗಳ ನಡುವೆ ಬೀಳುತ್ತದೆ.

ಇರಾಕ್, ಖುರಾಸಾನ್, ತುರ್ಕಿ ಕಡೆಯವರ ಬಿಲ್ಲು ಒಂದೇ ಕೋಲನ್ನು ಬಗ್ಗಿಸಿ ಹೆದೆ ಕಟ್ಟಿದ ಬಿಲ್ಲಲ್ಲ. ನಡುವೆ ಮರದ ತೆಳು ಪಟ್ಟಿ, ಬಿಲ್ಲುಗಾರನ ಕಡೆಗಿನ ಮೈಗೆ ಕೋಣದ ಕೊಂಬಿನ ಸೀಳು, ಹೊರಮೈಗೆ ಪ್ರಾಣಿಯ ನರದ ಎಳೆಗಳು. ಮೂರನ್ನೂ ಹಿಡಿದಿಡಲು ಸರೇಸು ಎಂಬ ಅಂಟು. ಅಂಟು ಪೂರ್ತಿ ಒಣಗಿ ಬಿಲ್ಲು ಹದಕ್ಕೆ ಬರಲು ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷಕ್ಕೂ ಮಿಕ್ಕಿ ಕಾಯಬೇಕಿತ್ತು. ಕಾದದ್ದಕ್ಕೆ ಫಲವೂ ಇತ್ತು: ಕುದುರೆಯ ಮೇಲೆ ಕೂತವನು ಅತ್ತಿತ್ತ ತಿರುಗಿಸಬಲ್ಲಷ್ಟು ಗಿಡ್ಡ ಬಿಲ್ಲು, ಆಳುದ್ದದ ಬಿಲ್ಲಿನಷ್ಟೇ ಜೋರಾಗಿ ಬಾಣ ಬಿಡುತ್ತಿತ್ತು.

ಇಷ್ಟು ಪದರು ಏಕೆ ಬೇಕು ಎಂಬುದು ಬಿಲ್ಲನ್ನು ಬಗ್ಗಿಸಿದಾಗ ತಿಳಿಯುತ್ತದೆ. ಹೊರಮೈ, ಅಂದರೆ ಬೆನ್ನು, ಹಿಗ್ಗುತ್ತದೆ. ಒಳಮೈ, ಅಂದರೆ ಹೊಟ್ಟೆ, ಕುಗ್ಗುತ್ತದೆ. ಎಳೆತ ತಾಳುವ ವಸ್ತು ಒಂದು, ಒತ್ತಡ ತಾಳುವ ವಸ್ತು ಇನ್ನೊಂದು. ಎರಡನ್ನೂ ಸಮನಾಗಿ ತಾಳುವ ಕಟ್ಟಿಗೆ ಅಪರೂಪ. ಇಂಗ್ಲೆಂಡಿನ ಉದ್ದಬಿಲ್ಲಿಗೆ ಹೆಸರಾದ ಯೂ ಮರದಲ್ಲಿ ಈ ಜೋಡಣೆ ಹುಟ್ಟಿನಿಂದಲೇ ಇದೆ: ತೊಗಟೆಯ ಕೆಳಗಿನ ಬಿಳಿ ಕಟ್ಟಿಗೆ ಎಳೆತಕ್ಕೆ, ಒಳಗಿನ ಕೆಂಪು ತಿರುಳು ಒತ್ತಡಕ್ಕೆ. ಜಪಾನಿನವರು ತಮ್ಮ ಎರಡು ಮೀಟರಿಗೂ ಮೀರಿದ ಯುಮಿ ಬಿಲ್ಲನ್ನು ಬಿದಿರು ಮತ್ತು ಮರದ ಪಟ್ಟಿಗಳನ್ನು ಅಂಟಿಸಿ ಕಟ್ಟುತ್ತಾರೆ. ಇಂದು ಕೈಕಸುಬಿನವರು ಮಾಡುವ ಪದರುಬಿಲ್ಲೂ ಇದೇ ದಾರಿಯದು. ಕೊಂಬು, ನರದ ಗೊಡವೆಯಿಲ್ಲ; ಬೆನ್ನಿಗೆ ಬಿದಿರು, ಹೊಟ್ಟೆಗೆ ಗಟ್ಟಿ ಮರ.

ಬಲಿತ ಬಿದಿರನ್ನು ಅಡ್ಡಲಾಗಿ ಕೊಯ್ದು ಬೆಳಕಿಗೆ ಹಿಡಿದರೆ ಅದರ ಗುಣ ಕಣ್ಣಿಗೇ ಕಾಣುತ್ತದೆ. ಒಳಗಿನ ಟೊಳ್ಳಿನ ಕಡೆ ಕಪ್ಪು ಚುಕ್ಕೆಗಳು ವಿರಳ. ಸಿಪ್ಪೆಯ ಕಡೆ ಬಂದಂತೆ ಒತ್ತೊತ್ತಾಗಿ ಕಪ್ಪಗಾಗುತ್ತವೆ. ಅವೇ ನಾರಿನ ಕಟ್ಟುಗಳು. ಬಿಲ್ಲಿನ ಬೆನ್ನಿಗೆ ಬೇಕಾದದ್ದು ಈ ಹೊರಗಿನ ತೆಳು ಭಾಗ ಮಾತ್ರ, ಮೂರು ಮಿಲಿಮೀಟರಿನ ಆಸುಪಾಸು. ಹಾಗಾಗಿ ದಬ್ಬೆಯನ್ನು ಒಳಗಡೆಯಿಂದ ಕೀಸಿ ಸಪಾಟು ಮಾಡುತ್ತಾರೆ, ಸಿಪ್ಪೆಯ ಕಡೆ ನಾರು ತುಂಡಾಗುವಂತೆ ಕೀಸುವುದಿಲ್ಲ. ಗೆಣ್ಣಿನ ಉಬ್ಬನ್ನು ಅಂದಕ್ಕೆಂದು ಪೂರ್ತಿ ತೆಗೆದರೆ ಬಿಲ್ಲು ಅಲ್ಲೇ ಸೀಳುತ್ತದೆ. ಬಿದಿರನ್ನು ಎಳೆಯ ಗುಂಟ ಸೀಳುವ ಕೈ ಮೇದಾರರದು. ಬುಟ್ಟಿ, ಮೊರ ಹೆಣೆಯುವವರ ಆ ಕೈಚಳಕ ಬಿಲ್ಲಿನ ಕೆಲಸಕ್ಕೂ ಮೊದಲ ಪಾಠ. ಬಿದಿರು ಸಿಗುವುದೂ ಈಗ ಸುಲಭ. 2017ರಲ್ಲಿ ಭಾರತೀಯ ಅರಣ್ಯ ಕಾಯ್ದೆಗೆ ತಿದ್ದುಪಡಿಯಾಗಿ ಬಿದಿರು ಮರಗಳ ಸಾಲಿನಿಂದ ಹೊರಬಂತು. ಅರಣ್ಯದ ಹೊರಗೆ, ಸ್ವಂತ ಹೊಲದ ಬದುವಿನಲ್ಲಿ ಬೆಳೆದ ಬಿದಿರಿಗೆ ಆ ಕಾಯ್ದೆಯ ಕಟ್ಟು ಇಲ್ಲ.

ಹೊಟ್ಟೆಯ ಮರಕ್ಕೆ ನಮ್ಮಲ್ಲಿ ಹಳೆಯ ಹೆಸರು ತಡಸಲು. ಹಿಂದಿಯವರು ಧಾಮನ್ ಅನ್ನುವ ಈ ಮರ ಬಾಗಿ ಮತ್ತೆ ನೆಟ್ಟಗಾಗುವುದಕ್ಕೆ ಹೆಸರುವಾಸಿ. ಬಿಲ್ಲಿಗೆ ಮಾತ್ರವಲ್ಲ, ಗಾಡಿಯ ಕಟ್ಟಿಗೆಗೆ, ಕೊಡಲಿ ಕಾವಿಗೆ ಕೂಡ ಅದನ್ನು ಹುಡುಕಿ ತರುತ್ತಿದ್ದರು. ಕೌಟಿಲ್ಯನ ಅರ್ಥಶಾಸ್ತ್ರ ಬಿಲ್ಲಿಗೆ ತಾಳೆ, ಬಿದಿರು, ಮರ, ಕೊಂಬು ಎಂದು ನಾಲ್ಕು ಮೂಲ ಹೇಳಿದರೆ, ಅಗ್ನಿಪುರಾಣ ಅಳತೆ ಕೊಡುತ್ತದೆ: ನಾಲ್ಕು ಮೊಳದ್ದು ಉತ್ತಮ, ಮೂರೂವರೆ ಮೊಳದ್ದು ಮಧ್ಯಮ, ಮೂರು ಮೊಳದ್ದು ಕನಿಷ್ಠ. ಇಂದಿನ ಕೈಬಿಲ್ಲು ಸಾಮಾನ್ಯವಾಗಿ ಐದೂವರೆ ಅಡಿಯ ಆಚೀಚೆ ಇರುತ್ತದೆ. ಹಳಬರ ಮಧ್ಯಮಕ್ಕೂ ಉತ್ತಮಕ್ಕೂ ನಡುವೆ.

ಮರ ಆರಿರಬೇಕು. ಹಸಿ ಇದ್ದರೆ ಬಿಲ್ಲು ಬಾಗಿದಲ್ಲೇ ಉಳಿಯುತ್ತದೆ, ಅಂಟೂ ಹಿಡಿಯದು. ಬೀದರ ಜಿಲ್ಲೆಯ ಒಣ ಬೇಸಿಗೆ ಇದಕ್ಕೆ ಅನುಕೂಲವೇ. ಆದರೆ ಬಿಸಿಲಿಗೆ ಹಾಕದೆ ನೆರಳಿನಲ್ಲಿ, ಗಾಳಿಯಾಡುವಂತೆ ಒಟ್ಟಬೇಕು. ಬಿಸಿಲು ಕಟ್ಟಿಗೆಯ ತುದಿಯನ್ನು ಮೊದಲು ಒಣಗಿಸಿ ಸೀಳಿಸಿಬಿಡುತ್ತದೆ.

ಬಡಿಗರ ರಂದಾ ಕೆಲಸ ಇಲ್ಲಿಂದ ಶುರು. ಹಿಡಿಯ ಹತ್ತಿರ ದಪ್ಪ, ಕೊಪ್ಪಿನ ಕಡೆ ಹೋದಂತೆ ತೆಳು. ಅಂಟಿಸುವ ಎರಡು ಮುಖಗಳ ನಡುವೆ ಬೆಳಕು ನುಸುಳಬಾರದು. ಹ್ಯಾಕ್ಸಾ ಬ್ಲೇಡನ್ನು ಅಡ್ಡ ಹಿಡಿದು ಗೀಚಿ ಮುಖಗಳನ್ನು ಒರಟು ಮಾಡುತ್ತಾರೆ, ದೂಳು ಒರೆಸುತ್ತಾರೆ, ಮತ್ತೆ ಬೆರಳು ತಾಗಿಸುವುದಿಲ್ಲ. ಕೈಯ ಜಿಡ್ಡು ಅಂಟಿಗೆ ಶತ್ರು. ಹಿಂದೆ ಚರ್ಮ ಕುದಿಸಿ ತೆಗೆದ ಸರೇಸು ಇತ್ತು, ಮಳೆಗಾಲದ ತೇವಕ್ಕೆ ಅದು ಮೆತ್ತಗಾಗುತ್ತಿತ್ತು. ಈಗ ಎಪಾಕ್ಸಿ. ಅಂಟು ಸವರಿದ ಪಟ್ಟಿಗಳನ್ನು ಬಿಲ್ಲಿನಾಕಾರದ ಮರದ ಅಚ್ಚಿನ ಮೇಲಿಟ್ಟು ಕ್ಲ್ಯಾಂಪು ಬಿಗಿಯುತ್ತಾರೆ. ಕ್ಲ್ಯಾಂಪು ಇಲ್ಲದಿದ್ದರೆ ಹಳೆಯ ಸೈಕಲ್ ಟ್ಯೂಬನ್ನು ಉದ್ದಕ್ಕೆ ಕತ್ತರಿಸಿ ಎಳೆದೆಳೆದು ಸುತ್ತಿದರೂ ಒತ್ತು ಸಮನಾಗಿ ಬೀಳುತ್ತದೆ.

ಅಂಟು ಮಾಡುವ ಕೆಲಸವನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ಒಂದೇ ಅಳತೆಯ ಎರಡು ಪಟ್ಟಿಗಳನ್ನು ಒಂದರ ಮೇಲೊಂದಿಟ್ಟು ಬಗ್ಗಿಸಿದರೆ ತುದಿಗಳು ಒಂದಕ್ಕೊಂದು ಜಾರಿ ಹಿಂದುಮುಂದಾಗುತ್ತವೆ. ಆ ಜೋಡಿಯ ಬಿಗಿ ಒಂದು ಪಟ್ಟಿಯ ಎರಡರಷ್ಟು. ಅವನ್ನೇ ಅಂಟಿಸಿದರೆ ಜಾರಲು ಎಡೆಯಿಲ್ಲ, ಬಿಗಿ ಎಂಟರಷ್ಟಾಗುತ್ತದೆ. ದಪ್ಪದ ಘನಕ್ಕೆ ತಕ್ಕಂತೆ ಬಿಗಿ ಏರುವುದೇ ಇದರ ಲೆಕ್ಕ. ಹಾಗಾಗಿಯೇ ದಪ್ಪದಲ್ಲಿ ಹತ್ತರಲ್ಲೊಂದು ಪಾಲು ಹೆಚ್ಚಾದರೆ ಬಿಲ್ಲು ಸುಮಾರು ಮೂರನೇ ಒಂದರಷ್ಟು ಹೆಚ್ಚು ಬಿಗಿಯುತ್ತದೆ.

ಬಿಲ್ಲುಗಾರಿಕೆಯ ನಿಜವಾದ ವಿದ್ಯೆ ಇರುವುದು ಅಚ್ಚಿನಿಂದ ಬಿಚ್ಚಿದ ಮೇಲೆ ನಡೆಯುವ ತಿದ್ದುವಿಕೆಯಲ್ಲಿ. ಗೋಡೆಗೆ ನಿಲ್ಲಿಸಿದ ಕಂಬದ ಮೇಲೆ ಬಿಲ್ಲಿನ ಹಿಡಿಯನ್ನು ಕೂರಿಸಿ, ಸಡಿಲ ಹೆದೆ ಕಟ್ಟಿ, ರಾಟೆಯ ಹಗ್ಗದಿಂದ ಹೆದೆಯನ್ನು ಕೆಳಕ್ಕೆ ಎಳೆಯುತ್ತಾರೆ. ಎಳೆಯುವವನು ಹತ್ತು ಹೆಜ್ಜೆ ಹಿಂದೆ ನಿಂತು ನೋಡುತ್ತಾನೆ. ಎರಡು ತೋಳೂ ಒಂದೇ ಬಾಗಿನಲ್ಲಿವೆಯೇ? ಎಲ್ಲಾದರೂ ಕೋಲು ನೆಟ್ಟಗೇ ನಿಂತಿದೆಯೇ, ಎಲ್ಲಾದರೂ ಮೂಲೆಯಂತೆ ಮುರಿದು ಬಾಗಿದೆಯೇ? ನೆಟ್ಟಗಿರುವಲ್ಲಿ ಸೀಸದಕಡ್ಡಿಯಿಂದ ಗುರುತು ಹಾಕಿ, ಹೊಟ್ಟೆಯ ಕಡೆಯಿಂದ ಉಕ್ಕಿನ ತಗಡಿನಲ್ಲಿ ಹೆರೆಯುತ್ತಾನೆ. ಅರ ಉಜ್ಜಿದರೆ ಜಾಸ್ತಿಯಾದೀತು. ತಗಡಿಗೆ ಏಳುವುದು ಉಗುರಿಗಿಂತ ತೆಳುವಾದ ಸುರುಳಿ. ಹೆರೆದ ಮೇಲೆ ಹತ್ತಿಪ್ಪತ್ತು ಸಲ ಮೆಲ್ಲಗೆ ಎಳೆದು ಬಿಡಬೇಕು, ಆಗಲೇ ಮರ ಹೊಸ ಬಾಗಿಗೆ ಒಗ್ಗುವುದು. ಆಮೇಲೆ ಮತ್ತೆ ನೋಟ, ಮತ್ತೆ ಗುರುತು. ಅತಿಯಾಗಿ ಬಾಗುವ ಜಾಗವನ್ನು ಮಾತ್ರ ಮುಟ್ಟುವಂತಿಲ್ಲ. ಅದರ ಎರಡೂ ಬದಿಯನ್ನು ಹೆರೆದು ಅದರ ಮೇಲಿನ ಹೊರೆ ಇಳಿಸಬೇಕು. ಆತುರದಲ್ಲಿ ಹೆರೆದದ್ದನ್ನು ಮತ್ತೆ ಅಂಟಿಸಲಾಗದು. ಇಂಥ ತಾಳ್ಮೆಯ ಕೆಲಸ ಉತ್ತರ ಕರ್ನಾಟಕದ ಬಡಿಗೇರ ಮನೆಗಳಿಗೆ ಹೊಸದಲ್ಲ. ಕೂರಿಗೆಯ ತಾಳು ಸಮನಾಗಿ ಕಾಳು ಬಿಡುವಂತೆ ಮಾಡಿದ ಕೈ, ಗಾಡಿಯ ಗಾಲಿ ತೂಗಾಡದಂತೆ ಕೂರಿಸಿದ ಕೈ ಅಲ್ಲಿದೆ. ಟ್ರ್ಯಾಕ್ಟರು ಬಂದು ಆ ಕೆಲಸಗಳು ಕಡಿಮೆಯಾದ ಹೊತ್ತಿನಲ್ಲಿ, ಆ ಕೈಗಳಿಗೆ ಒಪ್ಪುವ ಹೊಸ ಕೆಲಸಗಳಲ್ಲಿ ಪದರುಬಿಲ್ಲೂ ಒಂದಾಗಬೇಕು.

ಬಸವಕಲ್ಯಾಣಕ್ಕೆ ಬಿಲ್ವಿದ್ಯೆ ಹೊರಗಿನ ವಿಷಯವೂ ಅಲ್ಲ. ಇಲ್ಲಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ನೂರು ಅಧ್ಯಾಯಗಳಿವೆ. ಅದರಲ್ಲಿ ಇಪ್ಪತ್ತು ರಾಜವಿನೋದಗಳಿಗೆ ಮೀಸಲು. ಸಂಗೀತ, ನೃತ್ಯ, ಮಲ್ಲಯುದ್ಧ, ಕೋಳಿಕಾಳಗ ಎಲ್ಲಕ್ಕೂ ಮೊದಲು ಬರುವುದು ಶಸ್ತ್ರವಿನೋದ, ಆಯುಧಗಳ ಪ್ರದರ್ಶನ. ಅದೇ ಕಾಲದಲ್ಲಿ ಚಾಲುಕ್ಯರ ಸಾಮಂತನಾಗಿದ್ದ ವಿಷ್ಣುವರ್ಧನ ಕಟ್ಟಿಸಿದ ಬೇಲೂರಿನ ಗುಡಿಯಲ್ಲಿ ಬಿಲ್ಲು ಹಿಡಿದ ಮದನಿಕೆಯೂ ಇದ್ದಾಳೆ. ರಾಜ್ಯ ಸರ್ಕಾರ ಕ್ರೀಡಾಪಟುಗಳಿಗೆ ಕೊಡುವ ಪ್ರಶಸ್ತಿಗೆ ಏಕಲವ್ಯನ ಹೆಸರಿದೆ. ಹೆಸರಿನಲ್ಲಿ ಇರುವಷ್ಟು ಬಿಲ್ಲು ಶಾಲೆಗಳ ಮೈದಾನದಲ್ಲಿ ಇಲ್ಲದಿರುವುದು ಬೇಸರದ ಸಂಗತಿ.

ಭಾರತೀಯ ಬಿಲ್ಲುಗಾರಿಕೆ ಸಂಸ್ಥೆ ಹುಟ್ಟಿದ್ದು 1973ರಲ್ಲಿ. ಅದರ ರಾಷ್ಟ್ರೀಯ ಸ್ಪರ್ಧೆಗಳಲ್ಲಿ ಬಿದಿರು, ಮರದ ಬಿಲ್ಲಿಗೆಂದೇ ‘ಇಂಡಿಯನ್ ರೌಂಡ್’ ಎಂಬ ಪ್ರತ್ಯೇಕ ವಿಭಾಗವಿದೆ. ಒಲಿಂಪಿಕ್ಸ್‌ನ ಕಾರ್ಬನ್ ಬಿಲ್ಲಿಗೆ ದುಡ್ಡು ಹೊಂದಿಸಲಾಗದ ಹಳ್ಳಿಯ ಮಕ್ಕಳು ಈ ಬಾಗಿಲಿನಿಂದಲೇ ಒಳಗೆ ಬರುತ್ತಾರೆ. ರಾಜಸ್ಥಾನದ ಬುಡಕಟ್ಟಿನ ಲಿಂಬಾ ರಾಮ್ ಬಿದಿರಿನ ಬಿಲ್ಲಿನಿಂದ ಶುರು ಮಾಡಿ 1992ರಲ್ಲಿ ಬೀಜಿಂಗ್‌ನ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ 30 ಮೀಟರಿನ ವಿಶ್ವದಾಖಲೆ ಸರಿಗಟ್ಟಿದರು. ಆ ದುಬಾರಿ ಕಾರ್ಬನ್ ಬಿಲ್ಲುಗಳ ತೋಳಿನೊಳಗೆ ಕೂಡ ಎಷ್ಟೋ ಸಲ ಮರದ ಇಲ್ಲವೇ ಬಿದಿರಿನ ಪದರೇ ಇರುತ್ತದೆ.

ಹೆದೆಗೆ ಕೌಟಿಲ್ಯ ಹೇಳಿದ ನಾರುಗಳಲ್ಲಿ ಎಕ್ಕೆಯೂ ಸೆಣಬೂ ಇವೆ; ಎರಡನ್ನೂ ಬೀದರ ಸೀಮೆಯವರು ಬಲ್ಲರು. ಈಗ ಪಾಲಿಯೆಸ್ಟರ್ ದಾರ ವಾಸಿ, ತೇವಕ್ಕೆ ಸಡಿಲಾಗದು. ಮೊದಲ ಬಿಲ್ಲು ಕಟ್ಟುವವರು 20-25 ಪೌಂಡಿನ ಎಳೆತಕ್ಕೆ ತೃಪ್ತರಾಗುವುದು ಒಳ್ಳೆಯದು: ಹದಿಹರೆಯದವರಿಗೂ ಎಳೆಯಲು ಬರುತ್ತದೆ, ಮರಕ್ಕೂ ಹೊರೆಯಲ್ಲ. ಬಾಣವಿಲ್ಲದೆ ಹೆದೆ ಎಳೆದು ಬಿಡಬಾರದು. ಬಾಣಕ್ಕೆ ಹೋಗಬೇಕಾದ ಶಕ್ತಿಯೆಲ್ಲ ತೋಳಿಗೇ ತಿರುಗಿ ಬಿದ್ದು ಅಂಟು ಬಿಡುತ್ತದೆ. ಆಟ ಮುಗಿದ ಕೂಡಲೇ ಹೆದೆ ಇಳಿಸಬೇಕು. ಗೋಡೆಗೆ ಒರಗಿಸಿ ನಿಲ್ಲಿಸದೆ ಎರಡು ಗೂಟಗಳ ಮೇಲೆ ಅಡ್ಡ ಮಲಗಿಸಿಡಬೇಕು. ಮೊದಲ ನೂರು ಬಾಣಗಳ ಮೇಲೆ ಬಿಲ್ಲನ್ನು ಮತ್ತೊಮ್ಮೆ ಕಂಬಕ್ಕೇರಿಸಿ ಬಾಗು ನೋಡಬೇಕು. ಒಂದು ತೋಳು ಸೋತಿದ್ದರೆ ಇನ್ನೊಂದನ್ನು ಅಷ್ಟಕ್ಕೇ ಹೆರೆದು ಸರಿತೂಗಿಸಲು ಆಗ ಇನ್ನೂ ಅವಕಾಶ ಇರುತ್ತದೆ.