ಬಾಗಿಲು ತಟ್ಟಿದ ನುಡಿ

ಹರಟೆ ಹೊಡೆಯುವವನು ಯಾರಿಗೂ ಪೆಟ್ಟು ಕೊಡುವುದಿಲ್ಲ. ಗೊರಕೆ ಹೊಡೆಯುವವನಂತೂ ಕೈಯನ್ನೇ ಎತ್ತುವುದಿಲ್ಲ. ಇದನ್ನು ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಾದುದಿಲ್ಲ. ಆದರೆ ಪರಭಾಷೆಯಲ್ಲಿ ಇಂಥ ಪ್ರಯೋಗ ಎದುರಾದರೆ, ನಾವು ಪದಕ್ಕೆ ಪದವಿಟ್ಟು ಅರ್ಥಮಾಡಹೊರಟು ಎಡವುತ್ತೇವೆ. ಇಂಗ್ಲಿಷಿನ ‘ನಾಕ್ ಅಪ್’ ಅಂಥದೊಂದು ನುಡಿ. ‘ನಾಕ್’ ಎಂದರೆ ತಟ್ಟುವುದು. ‘ಅಪ್’ ಎಂದರೆ ಮೇಲಕ್ಕೆ. ಎರಡೂ ಕೂಡಿದಲ್ಲಿ ಹುಟ್ಟಿದ ಅರ್ಥಗಳು ಹಲವು.

ಬಾಗಿಲು ತಟ್ಟಿ ಮಲಗಿದವರನ್ನು ಎಬ್ಬಿಸುವುದೆಂಬ ಅರ್ಥ 17ನೆಯ ಶತಮಾನದಷ್ಟು ಹಳೆಯದು. 19ನೆಯ ಶತಮಾನದಲ್ಲಿ ಗಿರಣಿಗಳು ಬೆಳೆದಂತೆ ಇದರಿಂದಲೇ ಒಂದು ಕಸುಬಿಗೆ ಹೆಸರು ಬಂದಿತು. ಹೊತ್ತು ಮೀರಿ ಹೋದ ಕೆಲಸಗಾರನಿಗೆ ಕೂಲಿ ನಷ್ಟ. ಅಲಾರಂ ಗಡಿಯಾರವನ್ನು ಕೊಳ್ಳುವ ಶಕ್ತಿಯಾದರೋ ಅನೇಕರಿಗಿರಲಿಲ್ಲ. ಆದುದರಿಂದ ಅವರು ವಾರಕ್ಕೆ ಕೆಲವು ಪೆನ್ನಿಗಳನ್ನು ತೆತ್ತು, ‘ನಾಕರ್ ಅಪ್’ ಎಂಬವರಿಂದ ಎಬ್ಬಿಸಿಕೊಳ್ಳುತ್ತಿದ್ದರು. ಬಾಗಿಲನ್ನು ಗಟ್ಟಿಯಾಗಿ ಬಡಿದರೆ ಕಾಸು ಕೊಡದ ನೆರೆಯವರೂ ಏಳುವರಲ್ಲವೆ? ಅದಕ್ಕೆಂದೇ ಉದ್ದನೆಯ ಗಳುವಿನ ತುದಿಗೆ ತಂತಿಯನ್ನು ಕಟ್ಟಿ, ಮಹಡಿಯ ಕಿಟಕಿಯನ್ನಷ್ಟೇ ಮೆಲ್ಲನೆ ತಟ್ಟುವರು. ಪೂರ್ವ ಲಂಡನ್ನಿನ ಮೇರಿ ಸ್ಮಿತ್ ಎಂಬಾಕೆ 1930ರ ಸುಮಾರಿನಲ್ಲಿ ಕೊಳವೆಯಿಂದ ಒಣಬಟಾಣಿಯನ್ನು ಊದಿ, ಕಿಟಕಿಯ ಗಾಜಿಗೆ ಹೊಡೆದು ಎಬ್ಬಿಸುತ್ತಿದ್ದಳು. ಗಡಿಯಾರಗಳು ಅಗ್ಗವಾದಂತೆ ಕಸುಬು ಕ್ಷೀಣಿಸಿತು. ಉತ್ತರ ಇಂಗ್ಲೆಂಡಿನ ಕೆಲವೆಡೆ ಮಾತ್ರ 1970ರ ಆಸುಪಾಸಿನವರೆಗೂ ಉಳಿದಿತ್ತು.

ನುಡಿಯ ಉಳಿದ ಅರ್ಥಗಳನ್ನೂ ಗಮನಿಸೋಣ. ದಣಿದು ಸೋತವನನ್ನು ‘ನಾಕ್ಡ್ ಅಪ್’ ಎನ್ನುತ್ತಿದ್ದರು. ಅವಸರದಲ್ಲಿ ಊಟವನ್ನು ಸಿದ್ಧಪಡಿಸಿದರೂ ಇದೇ ಮಾತು. ಟೆನಿಸ್ ಪಂದ್ಯಕ್ಕೆ ಮುನ್ನ ಚೆಂಡನ್ನು ಆಚೀಚೆ ಹೊಡೆದು ಕೈ ಸಡಿಲಿಸಿಕೊಂಡರೂ ಇದೇ ಮಾತು. ಆದರೆ ಅಮೆರಿಕೆಯಲ್ಲಿ 1813ರ ವೇಳೆಗೇ ಇದಕ್ಕೆ ಹೆಣ್ಣನ್ನು ಗರ್ಭಿಣಿಯಾಗಿಸುವುದೆಂಬ ಗ್ರಾಮ್ಯಾರ್ಥ ಬಂದಿತ್ತು. ‘ಬೆಳಿಗ್ಗೆ ಆರಕ್ಕೆ ಎಬ್ಬಿಸುತ್ತೇನೆ’ ಎಂದು ಆಂಗ್ಲೇಯನೊಬ್ಬನು ಅಮೆರಿಕದ ಅತಿಥಿಗೆ ಈ ನುಡಿಯಲ್ಲಿ ಹೇಳಿದರೆ, ಕೇಳಿದಾಕೆಯ ಮುಖ ಕೆಂಪೇರುವುದು ಸಹಜವೇ. ಹೇಳಿದವನ ಮನಸ್ಸಿನಲ್ಲಿ ದೋಷವಿಲ್ಲ, ಕೇಳಿದವಳ ಕಿವಿಯಲ್ಲಿಯೂ ದೋಷವಿಲ್ಲ, ನಡುವೆ ಕಡಲಿದೆ.

ಇಂದು ಬ್ರಿಟನ್ನಿನಲ್ಲಿಯೂ ಈ ಅಮೆರಿಕದ ಅರ್ಥವೇ ಹೆಚ್ಚು ಪರಿಚಿತ. ಪರಭಾಷೆಯ ನುಡಿಯನ್ನು ಆಡುವ ಮೊದಲು, ಅದು ಯಾವ ನಾಡಿನಲ್ಲಿ, ಯಾರ ಬಾಯಲ್ಲಿ ಏನೆಂದು ವಿಚಾರಿಸಿಕೊಳ್ಳುವುದು ನಮಗೆ ಕ್ಷೇಮ. ಆದರೂ ಆ ಮಾತನ್ನು ಕೇಳಿ ನಗುವ ಮುನ್ನ, ಇನ್ನೊಬ್ಬರ ಕೂಲಿ ತಪ್ಪದಿರಲೆಂದು ಚಳಿಯ ಕತ್ತಲೆಯಲ್ಲಿ ಗಳುವನ್ನು ಹಿಡಿದು ನಡೆದವರನ್ನೂ ನಾವು ನೆನೆಯಬೇಕು. ಅವರು ಎಬ್ಬಿಸಿದ ಜನ ಮರೆತರೂ ನುಡಿ ಅವರನ್ನು ಮರೆತಿಲ್ಲ.