ಹಳೆಯ ಕಾರಿಗೆ ಹೆಚ್ಚುವರಿ ವಾರಂಟಿ ಬೇಕೆ?

ನಾನು ವಾಸಿಸುವ ರೈಸ್‌ವೈಕ್, ನೆದರ್ಲೆಂಡ್ಸ್‌ನ ಹೇಗ್ ಮತ್ತು ಡೆಲ್ಫ್ಟ್ ನಗರಗಳ ನಡುವಿನ ಪುಟ್ಟ ಪಟ್ಟಣ. 1697ರಲ್ಲಿ ಯುರೋಪಿನ ದೇಶಗಳು ಒಂಬತ್ತು ವರ್ಷಗಳ ಯುದ್ಧವನ್ನು ಕೊನೆಗಾಣಿಸಿ ಒಪ್ಪಂದಕ್ಕೆ ಸಹಿ ಹಾಕಿದ್ದು ಈ ಊರಿನಲ್ಲಿಯೇ. ಅದರ ಸ್ಮಾರಕವಾಗಿ ನಿಂತ ಕಲ್ಲಿನ ಸ್ತಂಭದ ಬಳಿ ನಾನು ಸಂಜೆ ಅಡ್ಡಾಡುವುದುಂಟು. ಆ ಶಾಂತಿ ನಾಲ್ಕು ವರ್ಷವಷ್ಟೇ ಬಾಳಿತು. 1701ರಲ್ಲಿ ಮತ್ತೆ ಯುದ್ಧ ಆರಂಭವಾಯಿತು. ಸಹಿಯಾದ ಕಾಗದವೊಂದು ಕಷ್ಟಕಾಲದಲ್ಲಿ ಎಷ್ಟರಮಟ್ಟಿಗೆ ಕೈಹಿಡಿಯುತ್ತದೆ ಎಂಬ ಪ್ರಶ್ನೆ ಕಳೆದ ಚಳಿಗಾಲದಲ್ಲಿ ನಮ್ಮ ಮನೆಯ ಬಾಗಿಲಿಗೂ ಬಂದಿತು.

ನನ್ನ ಅಕ್ಕನ ಮಗ ಉದ್ಯೋಗ ನಿಮಿತ್ತ ಡೆಲ್ಫ್ಟ್‌ಗೆ ಬಂದು ಎರಡು ವರ್ಷವಾಗಿದೆ. ಪತ್ನಿ ಗರ್ಭಿಣಿಯಾದಾಗ ಸೈಕಲ್ಲು, ಟ್ರಾಮುಗಳನ್ನಷ್ಟೇ ನಂಬುವುದು ಕಷ್ಟವೆನಿಸಿ, ಎಂಟು ವರ್ಷ ಹಳೆಯದಾದ ಆಟೊಮ್ಯಾಟಿಕ್ ಕಾರೊಂದನ್ನು ವ್ಯಾಪಾರಿಯೊಬ್ಬನಿಂದ 8,500 ಯೂರೊಗೆ ಕೊಂಡ. ಕೂಡಿಟ್ಟ ಹಣವೆಲ್ಲ ಅದಕ್ಕೇ ಹೋಯಿತು. ಇನ್ನೂ 900 ಯೂರೊ ತೆತ್ತರೆ ಎರಡು ವರ್ಷಗಳ ಹೆಚ್ಚುವರಿ ವಾರಂಟಿ ಕೊಡುವುದಾಗಿ ವ್ಯಾಪಾರಿ ಹೇಳಿದ. ಇವನು ಬೇಡವೆಂದ. ರಸೀತಿಯಲ್ಲಿ ‘ಮೇನೇಮ್‌ಪ್ರೈಸ್’ ಎಂದು ಬರೆದಿತ್ತು. ‘ಇದ್ದ ಹಾಗೆಯೇ ಒಯ್ಯುವ ಬೆಲೆ’ ಎಂಬುದು ಅದರ ಅರ್ಥ. ಅದರ ಕೆಳಗೆ ‘ಗ್ಯಾರಂಟಿ ಇಲ್ಲ’ ಎಂಬ ಸಾಲಿಗೂ ಸಹಿ ಮಾಡಿದ.

ಐದನೆಯ ತಿಂಗಳಲ್ಲಿ ಗೇರ್‌ಬಾಕ್ಸ್ ಕೆಟ್ಟಿತು. ದುರಸ್ತಿಗೆ 3,200 ಯೂರೊ ಆಗುವುದೆಂದು ಗ್ಯಾರೇಜಿನವರು ಹೇಳಿದರು. ವ್ಯಾಪಾರಿ ಸಹಿಯನ್ನು ತೋರಿಸಿ ಕೈಚೆಲ್ಲಿದ. ಹೆರಿಗೆಗೆ ಮೂರು ವಾರ ಉಳಿದಿತ್ತು. ಅಂದು ರಾತ್ರಿ ಫೋನಿನಲ್ಲಿ, “ಮಾವ, 900 ಯೂರೊ ಉಳಿಸಲು ಹೋಗಿ ಕೆಟ್ಟೆ” ಎಂದಾಗ ಅವನ ದನಿ ನಡುಗುತ್ತಿತ್ತು.

ನನಗೆ ಇದರ ಇನ್ನೊಂದು ಮುಖವೂ ಗೊತ್ತಿತ್ತು. ಹಲವು ವರ್ಷಗಳ ಹಿಂದೆ ನಾನು ಕಾರಿಗೆ ಇಂಥ ವಾರಂಟಿಯನ್ನು ದುಬಾರಿ ಬೆಲೆ ಕೊಟ್ಟು ಕೊಂಡಿದ್ದೆ. ತಂದೆಯವರು ತೀರಿಕೊಂಡಾಗ ಶಿವಮೊಗ್ಗಕ್ಕೆ ಹೋದವನು ವಾರ್ಷಿಕ ಸರ್ವಿಸನ್ನು ಆರು ವಾರ ತಡವಾಗಿ ಮಾಡಿಸಿದೆ. ಮುಂದೆ ಎಂಜಿನ್ನಿನ ಭಾಗವೊಂದು ಕೆಟ್ಟಾಗ, ಆ ಆರು ವಾರಗಳ ಕಾರಣಕ್ಕೇ ನನ್ನ ಕೋರಿಕೆ ತಿರಸ್ಕೃತವಾಯಿತು. ವೈದ್ಯನಾಗಿ ರೋಗಿಗಳಿಗೆ ಔಷಧದ ಚೀಟಿಯನ್ನು ಪೂರ್ತಿ ಓದಿರೆಂದು ಹೇಳುವ ನಾನು, ನನ್ನದೇ ಕಾಗದದ ಸಣ್ಣ ಅಕ್ಷರಗಳನ್ನು ಓದಿರಲಿಲ್ಲ.

ಆದ್ದರಿಂದ ಮರುದಿನ ಇಬ್ಬರೂ ಕುಳಿತು ಕಾಗದಗಳನ್ನು ಓದಿದೆವು. ಅವನು ನಿರಾಕರಿಸಿದ್ದ ವಾರಂಟಿಯ ನಿಯಮಗಳನ್ನೂ ತರಿಸಿಕೊಂಡೆವು. ಒಂದು ದುರಸ್ತಿಗೆ ಅದು ಕೊಡುತ್ತಿದ್ದುದು ಗರಿಷ್ಠ 1,000 ಯೂರೊ! ಕೊಂಡಿದ್ದರೂ 2,200 ಯೂರೊ ಅವನ ತಲೆಯ ಮೇಲೆಯೇ ಉಳಿಯುತ್ತಿತ್ತು.

ಅವನಿಗೆ ಆಸರೆಯಾದದ್ದು ಯಾರೂ ಮಾರದ, ಹಣ ಕೊಡದೆಯೇ ದೊರೆಯುವ ರಕ್ಷಣೆ. ಡಚ್ ನಾಗರಿಕ ಸಂಹಿತೆಯ ಪ್ರಕಾರ, ವ್ಯಾಪಾರಿ ಗ್ರಾಹಕನಿಗೆ ಮಾರಿದ ವಸ್ತು ಸಹಜ ನಿರೀಕ್ಷೆಗೆ ತಕ್ಕಂತೆ ಇರಬೇಕು. ಇದನ್ನು ಇಲ್ಲಿ ‘ಕನ್ಫಾರ್ಮಿಟೈಟ್’ ಎನ್ನುತ್ತಾರೆ. ಹಳೆಯ ಕಾರಿಗೂ ಇದು ಅನ್ವಯ. ಆದರೆ ನಿರೀಕ್ಷೆಯನ್ನು ಅದರ ವಯಸ್ಸು, ಓಡಿದ ದೂರ, ಬೆಲೆಗಳಿಗೆ ತಕ್ಕಂತೆ ಅಳೆಯುತ್ತಾರೆ. ಸವೆದ ಬ್ರೇಕ್ ಪ್ಯಾಡಿಗೆ ದೂರುವಂತಿಲ್ಲ. 2022ರ ಏಪ್ರಿಲ್ 27ರಿಂದೀಚೆಗೆ ಕೊಂಡ ವಸ್ತುವಿನಲ್ಲಿ ಒಂದು ವರ್ಷದೊಳಗೆ ದೋಷ ಕಂಡರೆ, ಅದು ಮಾರುವಾಗಲೇ ಇತ್ತೆಂದು ಭಾವಿಸಲಾಗುತ್ತದೆ. ಇರಲಿಲ್ಲವೆಂದು ಸಾಬೀತುಪಡಿಸುವ ಹೊಣೆ ವ್ಯಾಪಾರಿಯದು. ಹಿಂದೆ ಈ ಅವಧಿ ಆರು ತಿಂಗಳಷ್ಟೇ ಇತ್ತು. ‘ಗ್ಯಾರಂಟಿ ಇಲ್ಲ’ ಎಂದು ಸಹಿ ಹಾಕಿಸಿಕೊಂಡ ಮಾತ್ರಕ್ಕೆ ಈ ಹಕ್ಕು ಹೋಗುವುದಿಲ್ಲ. ಖಾಸಗಿ ವ್ಯಕ್ತಿಯಿಂದ ಕೊಂಡವರಿಗೆ ಮಾತ್ರ ಇಷ್ಟು ಬಲವಾದ ಆಸರೆ ಇಲ್ಲ.

ಕಾರನ್ನು ಬೇರೆಡೆ ದುರಸ್ತಿ ಮಾಡಿಸದೆ, ಮೊದಲು ವ್ಯಾಪಾರಿಗೇ ಸರಿಪಡಿಸುವ ಅವಕಾಶ ಕೊಟ್ಟೆವು. ದೋಷ ಕಂಡ ಎರಡು ತಿಂಗಳೊಳಗೆ ದೂರಿದರೆ ಅದು ಸಕಾಲಿಕವೆನಿಸುತ್ತದೆ. ಕಾನೂನನ್ನು ಉಲ್ಲೇಖಿಸಿ, ಎರಡು ವಾರಗಳ ಗಡುವಿತ್ತು, ರಿಜಿಸ್ಟರ್ಡ್ ಅಂಚೆಯಲ್ಲಿ ಪತ್ರ ಕಳುಹಿಸಿದೆವು. ಹತ್ತನೆಯ ದಿನ ವ್ಯಾಪಾರಿಯೇ ಕರೆಮಾಡಿ ಕಾರನ್ನು ಒಯ್ದ. ಮಗು ಹುಟ್ಟುವ ನಾಲ್ಕು ದಿನ ಮೊದಲು ಕಾರು ಮನೆಗೆ ಮರಳಿತು.

ಹಾಗಾದರೆ ಹೆಚ್ಚುವರಿ ವಾರಂಟಿ ವ್ಯರ್ಥವೇ? ಹಾಗೆನ್ನಲಾರೆ. ಕಾನೂನಿನ ವಾದಕ್ಕೆ ಸಮಯ ಬೇಕು, ಭಾಷೆ ಬೇಕು. ಒಂದು ವರ್ಷ ಕಳೆದ ಬಳಿಕ ಸಾಬೀತುಪಡಿಸುವ ಹೊಣೆಯೂ ಕೊಂಡವನ ಮೇಲೆ ಬೀಳುತ್ತದೆ. ಆದರೆ ಹಣ ಕೊಡುವ ಮುನ್ನ ಕೆಲವನ್ನು ಕೇಳಿ ತಿಳಿಯಬೇಕು. ತಯಾರಕರ ಮೂಲ ವಾರಂಟಿ ಇನ್ನೂ ಉಳಿದಿದೆಯೇ? ಕಿಯಾ ಇಲ್ಲಿ ಏಳು ವರ್ಷ ಅಥವಾ 1,50,000 ಕಿಲೊಮೀಟರಿನವರೆಗೆ ಕೊಡುತ್ತದೆ. ಬಹುತೇಕ ವಿದ್ಯುತ್ ಕಾರುಗಳ ಬ್ಯಾಟರಿಗೆ ಎಂಟು ವರ್ಷವಿರುತ್ತದೆ. ಯಾವ ಭಾಗಗಳಿಗೆ ರಕ್ಷಣೆ ಇಲ್ಲ? ಒಂದು ದುರಸ್ತಿಗೆ ಗರಿಷ್ಠ ಎಷ್ಟು ಹಣ? ಸರ್ವಿಸ್ ಎಲ್ಲಿ, ಎಷ್ಟು ದಿನದೊಳಗೆ ಮಾಡಿಸಬೇಕು? ಹಣ ಕೊಡುವವರು ತಯಾರಕರೋ, ವ್ಯಾಪಾರಿಯೋ, ಮೂರನೆಯ ಸಂಸ್ಥೆಯೋ? ಇವಕ್ಕೆ ಬರಹದಲ್ಲಿ ಉತ್ತರ ಸಿಗದಿದ್ದರೆ, ಅದೇ ಹಣವನ್ನು ತಿಂಗಳಿಗೆ ನಲವತ್ತು ಯೂರೊದಂತೆ ಬೇರೆ ಖಾತೆಯಲ್ಲಿ ಕೂಡಿಡುವುದು ಲೇಸು.

ನಮ್ಮೂರಿನಲ್ಲಿ ಹಳೆಯ ಕಾರು ನೋಡಲು ಪರಿಚಯದ ಮೆಕ್ಯಾನಿಕ್‌ನನ್ನು ಜೊತೆಗೆ ಕರೆದೊಯ್ಯುತ್ತೇವೆ. ಇಲ್ಲಿಗೆ ಹೊಸದಾಗಿ ಬಂದವರಿಗೆ ಅಂಥವರು ಸಿಗುವುದಿಲ್ಲ. ಆದರೆ ವಾಹನ ಪ್ರಾಧಿಕಾರ ಆರ್‌ಡಿಡಬ್ಲ್ಯೂನ ಜಾಲತಾಣದಲ್ಲಿ ನೋಂದಣಿ ಸಂಖ್ಯೆ ಕೊಟ್ಟರೆ, ‘ಎಪಿಕೆ’ ಎಂಬ ಕಡ್ಡಾಯ ತಪಾಸಣೆಯ ಅವಧಿ ಎಂದಿನವರೆಗಿದೆ, ಮೀಟರಿನ ಓದು ನಂಬಲರ್ಹವೇ ಎಂಬುದು ಉಚಿತವಾಗಿ ತಿಳಿಯುತ್ತದೆ. ಮೋಟಾರು ಬಳಕೆದಾರರ ಸಂಘ ಎಎನ್‌ಡಬ್ಲ್ಯೂಬಿ ಶುಲ್ಕ ಪಡೆದು ಕೊಳ್ಳುವ ಮುನ್ನವೇ ಕಾರನ್ನು ಪರೀಕ್ಷಿಸಿಕೊಡುತ್ತದೆ. ವ್ಯಾಪಾರಿ ಬೋವಾಗ್ ಸಂಘದ ಸದಸ್ಯನಾಗಿದ್ದರೆ, ವ್ಯಾಜ್ಯವನ್ನು ಹೇಗ್‌ನಲ್ಲಿರುವ ತಂಟೆ ಪರಿಹಾರ ಸಮಿತಿಗೆ ಒಯ್ಯಬಹುದು.

ಇತ್ತೀಚೆಗೆ ಅಕ್ಕ ಶಿವಮೊಗ್ಗದಿಂದ ಫೋನು ಮಾಡಿ, “ಅವನು ಇನ್ನೊಂದು ಕಾರು ಕೊಳ್ಳುವಾಗ ನೀನೂ ಜೊತೆಗೆ ಹೋಗಪ್ಪ” ಎಂದಳು. ಹೋಗುತ್ತೇನೆಂದೆ. ಆದರೆ ಈಗ ಕಾಗದವನ್ನು ಅವನೇ ನನಗಿಂತ ಚೆನ್ನಾಗಿ ಓದುತ್ತಾನೆ.